ಯಾರೂ ಏನೂ ಕೇಳದ ಭಾಷೆ

‘ಬರುತ್ತೆ’ ಎಂದು ಹೇಳಿಬಿಟ್ಟಿದ್ದ. ಫೋನು ಕೆಳಗಿಟ್ಟು ಮತ್ತೆ ಕನ್ನಡಿಯ ಮುಂದೆ ನಿಂತಾಗ, ಅರ್ಧ ಕೆನ್ನೆಗೆ ಸೋಪಿನ ನೊರೆ ಮೆತ್ತಿಕೊಂಡಿದ್ದ ತನ್ನ ಮುಖ ತಿರುಮಲೇಶನಿಗೆ ಕಳ್ಳನ ಮುಖದಂತೆ ಕಂಡಿತು. ಫೋನು ಮಾಡಿದವಳು ದಿವ್ಯ ಎಂಬ ಹುಡುಗಿ. ಬನ್ನೇರುಘಟ್ಟ ರಸ್ತೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೊರದೇಶದಿಂದ ಬರುವ ರೋಗಿಗಳ ಬೇಕುಬೇಡ ನೋಡಿಕೊಳ್ಳುವುದು ಅವಳ ಕೆಲಸ. ಅರ್ಮೇನಿಯಾದಿಂದ ಒಬ್ಬ ಮುದುಕಿ ಹೃದಯದ ಆಪರೇಷನ್ನಿಗೆಂದು ಮಗನ ಜೊತೆ ಬಂದಿದ್ದಾಳೆ. ಇಂಗ್ಲಿಷ್ ಬರುತ್ತಿದ್ದವನು ಮಗನೊಬ್ಬನೇ. ಅವನಿಗೆ ಬಂದ ವಾರದಲ್ಲೇ ಡೆಂಗಿ ಹಿಡಿದು ಅದೇ ಆಸ್ಪತ್ರೆಯ ನಾಲ್ಕನೇ ಮಹಡಿಯ ಐಸಿಯು ಸೇರಿದ್ದಾನೆ. ಮಗ ಎಲ್ಲಿ ಎಂದು ಮುದುಕಿ ಗಲಾಟೆ ಮಾಡಿದಾಗ ನರ್ಸೊಬ್ಬಳು ಒಳ್ಳೆಯ ಮನಸ್ಸಿನಿಂದಲೇ ಅವನು ಮಲಗಿರುವ ವಿಡಿಯೋ ತೋರಿಸಿದಳಂತೆ, ಅದೇ ಎಡವಟ್ಟಾಯಿತು. ಕಣ್ಣು ಮುಚ್ಚಿ ಮಲಗಿದ್ದ ಮಗನನ್ನು ನೋಡಿ ಮುದುಕಿ ಅವನು ಸತ್ತೇಹೋದನೆಂದು ನಂಬಿ ಕೂತಿದ್ದಾಳೆ. ನಿನ್ನೆಯಿಂದ ಅನ್ನವಿಲ್ಲ, ನೀರಿಲ್ಲ, ಮಾತ್ರೆಯಿಲ್ಲ. ನಾಳೆ ಬೆಳಿಗ್ಗೆ ಆಪರೇಷನ್ನು. ಹೀಗೇ ಇದ್ದರೆ ಡಾಕ್ಟರು ಮುಟ್ಟುವುದಿಲ್ಲ, ಮುಟ್ಟದಿದ್ದರೆ ಅವಳು ಉಳಿಯುವುದಿಲ್ಲ. ಅಲ್ಲಿನ ಹಳಬರಿಗೆ ಬರುವ ರಷ್ಯನ್ ಬಲ್ಲ ದುಭಾಷಿ ಮದುವೆಗೆಂದು ಕೇರಳಕ್ಕೆ ಹೋದವನು ಫೋನಿಗೂ ಸಿಗುತ್ತಿಲ್ಲ. ‘ನಮ್ಮಪ್ಪ ಪೇಪರ್‌ನಲ್ಲಿ ನಿಮ್ಮ ಆರ್ಟಿಕಲ್ ಓದ್ತಾರೆ ಸಾರ್. ನಿಮಗೆ ಅರ್ಮೇನಿಯನ್ ಬರುತ್ತಲ್ವಾ?’ ಎಂದು ಆ ಹುಡುಗಿ ಕೇಳಿದಳು. ತನ್ನ ಲೇಖನ ಓದುವವರೊಬ್ಬರು ಈ ಊರಿನಲ್ಲಿದ್ದಾರೆ ಎಂಬ ಸಂತೋಷದಲ್ಲಿ ಬಾಯಿಂದ ಆ ಒಂದು ಮಾತು ಜಾರಿತು. ಎಂಥ ಬರುತ್ತೆ! ಆ ಭಾಷೆ ಆಡುವ ಒಂದು ನರಪಿಳ್ಳೆಯನ್ನೂ ಅವನು ಈ ಅರವತ್ತಮೂರು ವರ್ಷದಲ್ಲಿ ಕಣ್ಣಾರೆ ಕಂಡಿರಲಿಲ್ಲ.

ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಮೆಟ್ಟಿಲಿಳಿದರೆ ಕೆಳಗೆ ಮನೆಯ ಯಜಮಾನಿ ಸೊಣ್ಣಮ್ಮ ಮೊರದಲ್ಲಿ ಹುರುಳಿ ಕೇರುತ್ತಾ ಕೂತಿದ್ದಳು. ಪುಟ್ಟೇನಹಳ್ಳಿ ಹಳ್ಳಿಯಾಗಿದ್ದಾಗ ಕೆರೆಯ ಕೆಳಗೆ ರಾಗಿ ಬೆಳೆಯುತ್ತಿದ್ದವಳು. ಆ ಹೊಲದ ಮೇಲೀಗ ಮೂರು ಅಪಾರ್ಟ್‌ಮೆಂಟು ಎದ್ದು ನಿಂತಿದ್ದರೂ ಮೊರ ಮಾತ್ರ ಕೈಬಿಟ್ಟಿಲ್ಲ. ಎಲ್ಲಿಗೆ ಎಂದು ಕೇಳಿದಳು, ಹೇಳಿದ. ಹೇಳಬಾರದಿತ್ತು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಸೊಸೆಯ ಕಡೆ ತಿರುಗಿ, ‘ಅದ್ಯಾವ್ದೋ ಸಮುದ್ರದಾಚೆ ಊರ ಮಾತು ಕಲ್ತವ್ರೆ. ಪಕ್ಕದ್ಮನೆಯೋರ ತಾವ ಮಾತಾಡಾಕೆ ಬರಾಕಿಲ್ಲ ನಮ್ ಮೇಷ್ಟ್ರಿಗೆ’ ಎಂದು ನಕ್ಕಳು. ಅವನು ಮೇಷ್ಟ್ರಲ್ಲ, ನಿಘಂಟಿನ ಕಚೇರಿಯಲ್ಲಿ ಮೂವತ್ತೈದು ವರ್ಷ ಚೀಟಿ ಬರೆದು ನಿವೃತ್ತನಾದವನು. ಅರ್ಮೇನಿಯಾಕ್ಕೆ ಸಮುದ್ರವೂ ಇಲ್ಲ. ಎರಡನ್ನೂ ತಿದ್ದಬೇಕೆನ್ನಿಸಿತು. ಅಷ್ಟರಲ್ಲಿ ಸೊಣ್ಣಮ್ಮ ಕೂತಲ್ಲಿಂದಲೇ ಎರಡೂ ಕೈ ಚಾಚಿ, ಗಾಳಿಯಲ್ಲಿ ಅವನ ಮುಖ ನೀವಿದಂತೆ ಮಾಡಿ, ಬೆರಳುಗಳನ್ನು ತನ್ನ ಕಪಾಲಕ್ಕೆ ಒತ್ತಿ ಲಟಲಟ ನೆಟಿಗೆ ಮುರಿದಳು. ಅಂದವಾಗಿ ಕಾಣುತ್ತಿದ್ದೀರಿ, ದೃಷ್ಟಿಯಾದೀತು ಎಂದಳು. ತಮಾಷೆಯೋ ನಿಜವೋ ತಿಳಿಯದೆ ಅವನು ಚಪ್ಪಲಿ ಮೆಟ್ಟಿ ಹೊರಟುಬಿಟ್ಟ.

ಆಟೋದಲ್ಲಿ ಕೂತು, ಬರುವ ಪದಗಳನ್ನೆಲ್ಲ ಒಂದೊಂದಾಗಿ ಒರೆಸಿ ನೋಡಿಕೊಂಡ. ಬರೆವ್ ಎಂದರೆ ನಮಸ್ಕಾರ. ಬರಿ ಎಂದರೆ ಒಳ್ಳೆಯ, ಅರೆವ್ ಎಂದರೆ ಸೂರ್ಯ, ಒಳ್ಳೆಯ ಸೂರ್ಯನಿರಲಿ ಎಂದು ಹಾರೈಸುವುದೇ ಅವರ ನಮಸ್ಕಾರ. ನಮ್ಮ ರವಿ, ಅವರ ಅರೆವ್, ಎರಡೂ ಒಂದೇ ಬೇರಿನವು. ಮಾಯ್ರ್ ಎಂದರೆ ಮಾತೃ, ದುಸ್ತ್ರ್ ಎಂದರೆ ದುಹಿತೃ, ದುರ್ ಎಂದರೆ ದ್ವಾರ. ಬ್ರಿಂದ್ಜ್ ಎಂದರೆ ಅಕ್ಕಿ, ಪಾರಸಿಕರಿಂದ ಅವರಿಗೆ ಹೋದದ್ದು, ಪಾರಸಿಕರಿಗೆ ಎಲ್ಲಿಂದ ಹೋಯಿತೆಂದು ಹುಡುಕುತ್ತಾ ಹೋದವರಲ್ಲಿ ಕೆಲವರು ನಮ್ಮ ದಕ್ಷಿಣದ ಗದ್ದೆಗಳವರೆಗೂ ಬಂದಿದ್ದಾರೆ. ಇನ್ನೂ ಎರಡು ಪದ ಅವನಿಗೆ ಅಚ್ಚುಮೆಚ್ಚು. ಗರೀಬ ಎಂದರೆ ನಮಗೆ ಬಡವ. ಅರಬ್ಬಿಯಲ್ಲಿ ಅದು ಅಪರಿಚಿತ, ಪರಸ್ಥಳದವನು. ಅರ್ಮೇನಿಯನ್ನರು ಆ ಹಳೆಯ ಅರ್ಥವನ್ನೇ ಉಳಿಸಿಕೊಂಡು ಊರು ಬಿಟ್ಟು ಹೋದವನಿಗೆ ಘರಿಬ್ ಎನ್ನುತ್ತಾರೆ. ಕರೋತ್ ಎಂಬುದರದ್ದು ಇದಕ್ಕೆ ತಿರುವುಮುರುವು ದಾರಿ. ಹಳೆಯ ಪುಸ್ತಕಗಳಲ್ಲಿ ಅದು ಇಲ್ಲದಿರುವಿಕೆ, ಬಡತನ. ಈಗಿನವರ ಬಾಯಲ್ಲಿ ಅಗಲಿದವರಿಗಾಗಿ ಪಡುವ ಹಂಬಲ. ಅಪರಿಚಿತನು ಬಡವನಾದ, ಬಡತನವು ಹಂಬಲವಾಯಿತು ಎಂದು ಅವನು ತನ್ನ ಲೇಖನವನ್ನು ಮುಗಿಸಿದ್ದ. ಆ ವಾಕ್ಯ ಬರೆದ ದಿನ ತನ್ನನ್ನು ತಾನೇ ಮೆಚ್ಚಿಕೊಂಡು ಸಂಜೆ ಜಯನಗರ ನಾಲ್ಕನೇ ಬ್ಲಾಕಿನವರೆಗೂ ನಡೆದುಹೋಗಿ ಒಂದು ಮಸಾಲೆದೋಸೆ ತಿಂದಿದ್ದ. ಒಬ್ಬನೇ ತಿಂದಿದ್ದ. ಎದುರಿಗೆ ಯಾರಾದರೂ ಕೂತಿದ್ದರೆ ಆ ವಾಕ್ಯವನ್ನು ಅವರಿಗೆ ಹೇಳಬಹುದಿತ್ತು.

ಅದೇ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲೇ ಆ ಪುಸ್ತಕ ಸಿಕ್ಕಿದ್ದು. ಅರ್ಮೇನಿಯನ್ ಪದಗಳ ಬೇರು, ಅರ್ಥ. ಒಳಗೆ ಮದರಾಸಿನ ಅರ್ಮೇನಿಯನ್ ಬೀದಿಯ ಯಾರದೋ ಮುದ್ರೆ, ಪುಟದ ಅಂಚಿನಲ್ಲಿ ಗೆದ್ದಲು. ಅಮ್ಮ ಹೋಗಿ ಆಗ ಎರಡು ತಿಂಗಳಾಗಿತ್ತು. ಆ ಎರಡು ತಿಂಗಳಲ್ಲಿ ಕನ್ನಡದ ಯಾವ ಪದ ಕಂಡರೂ ಅದರ ಹಿಂದೆ ಒಂದು ಬಾಯಿ ಕಾಣುತ್ತಿತ್ತು. ಲೋಟ ಎಂದರೆ ಅಮ್ಮ, ಚಾಪೆ ಎಂದರೆ ಅಮ್ಮ, ಬಿಸಿಲು ಬಂತು ಬಟ್ಟೆ ಹರವು ಎಂದರೆ ಅಮ್ಮ. ಮಾತೆಲ್ಲ ಮೈಲಿಗೆಯಾದಂತೆ, ಎಲ್ಲಿ ಮುಟ್ಟಿದರೂ ಸ್ನಾನ ಮಾಡಬೇಕಾದಂತೆ ಆಗಿತ್ತು. ಫುಟ್‌ಪಾತಿನಲ್ಲಿ ನಿಂತು ಪುಟ ತಿರುವಿದಾಗ ಕಂಡ ಆ ಕೊಂಡಿಕೊಂಡಿ ಅಕ್ಷರಗಳು ಅವನಿಗೆ ಯಾರನ್ನೂ ನೆನಪಿಗೆ ತರಲಿಲ್ಲ. ಈ ಭಾಷೆಯಲ್ಲಿ ತನ್ನನ್ನು ಯಾರೂ ಬೈದಿಲ್ಲ, ಯಾರೂ ಕರೆದಿಲ್ಲ, ಯಾರೂ ಏನೂ ಕೇಳಿಲ್ಲ ಎನ್ನಿಸಿ ಎದೆ ಹಗುರಾಯಿತು. ಅದಕ್ಕೇ ಕಲಿತ. ನಿಜ ಹೇಳಬೇಕೆಂದರೆ ಅದೊಂದೇ ಕಾರಣ. ಮೂರು ವರ್ಷ ಬೆಳಗಿನ ಕಾಫಿಯಿಂದ ರಾತ್ರಿಯ ಮಜ್ಜಿಗೆಯವರೆಗೆ ಆ ಭಾಷೆಯ ಬೇರುಗಳ ಮಧ್ಯೆ ಇಲಿಯಂತೆ ಬದುಕಿದ.

ಆಸ್ಪತ್ರೆಯ ಬಾಗಿಲಲ್ಲಿ ದಿವ್ಯ ಕಾಯುತ್ತಿದ್ದಳು, ಕತ್ತಿನಲ್ಲಿ ಗುರುತಿನ ಚೀಟಿ, ಕಣ್ಣ ಕೆಳಗೆ ಎರಡು ದಿನದ ನಿದ್ದೆ. ಲಿಫ್ಟಿನಲ್ಲಿ ಮುದುಕಿಯ ಹೆಸರು ಹೇಳಿದಳು, ಸಿರಾನುಷ್. ಸಿರ್ ಎಂದರೆ ಪ್ರೀತಿ, ಅನುಷ್ ಎಂದರೆ ಸಿಹಿ, ಆ ಅನುಷ್‌ನ ಹಿಂದಿರುವ ಪಾರಸಿಕ ಪದಕ್ಕೆ ಸಾವಿಲ್ಲದ್ದು ಎಂದರ್ಥ ಎಂದು ಅವನು ಶುರುಮಾಡಿದ. ಹುಡುಗಿ ಸುಸ್ತಾದ ಮುಖದಲ್ಲೇ ‘ಸೂಪರ್ ಸಾರ್’ ಎಂದು ನೆಲ ನೋಡಿದಳು. ಎರಡನೇ ಮಹಡಿಯ ಕೋಣೆಯಲ್ಲಿ, ಮಂಚದ ಮೇಲಲ್ಲ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ದಪ್ಪ ಮೂಗಿನ, ದೊಡ್ಡ ಕೈಗಳ ಒಬ್ಬ ಹೆಂಗಸು ತಲೆಗೆ ಕರಿಯ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ತಿಂಡಿಯ ತಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ತಿರುಮಲೇಶ ಕೈ ಜೋಡಿಸಿ ‘ಬರೆವ್’ ಎಂದ.

ಅವಳು ತಲೆಯೆತ್ತಿದಳು. ಮುಖಕ್ಕೆ ಜೀವ ಬಂತು, ಎದ್ದೇ ನಿಂತಳು, ಅವನ ಎರಡೂ ತೋಳು ಹಿಡಿದುಕೊಂಡಳು. ಆಮೇಲೆ ಕಟ್ಟೆ ಒಡೆದಂತೆ ಮಾತು ಬಂತು. ಅದರಲ್ಲಿ ಒಂದು ಪದವೂ ಅವನಿಗೆ ಸಿಗಲಿಲ್ಲ. ಪುಸ್ತಕದಲ್ಲಿ ಬಿಡಿಬಿಡಿಯಾಗಿ, ಒಂದರ ಪಕ್ಕ ಒಂದು ಮರ್ಯಾದೆಯಾಗಿ ಕೂತಿರುತ್ತಿದ್ದ ಪದಗಳು ಇಲ್ಲಿ ಅಳುವಿನಲ್ಲಿ, ಉಸಿರಿನಲ್ಲಿ, ಯಾವುದೋ ಬೆಟ್ಟದ ಹಳ್ಳಿಯ ರಾಗದಲ್ಲಿ ಬೆರೆತುಹೋಗಿದ್ದವು. ‘ತ್ಘೆಸ್, ತ್ಘೆಸ್’ ಎಂದು ಏನೋ ಮತ್ತೆಮತ್ತೆ ಬರುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡು, ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ವಾಕ್ಯವನ್ನು ಒಪ್ಪಿಸಿದ. ಅವನಿಗೆ ಬರುತ್ತಿದ್ದದ್ದು ಸಾವಿರದೈನೂರು ವರ್ಷದ ಹಿಂದಿನ ಅರ್ಮೇನಿಯನ್, ಪಾದ್ರಿಗಳು ತೊಗಲಿನ ಮೇಲೆ ಬರೆದದ್ದು. ಗಾಂಧಿಬಜಾರಿನಲ್ಲಿ ಸೊಪ್ಪಿನವಳನ್ನು ನಿಲ್ಲಿಸಿ ಹಳಗನ್ನಡದಲ್ಲಿ ಚೌಕಾಸಿ ಮಾಡಿದ ಹಾಗಿತ್ತು. ಮುದುಕಿ ಬಾಯಿ ಮುಚ್ಚಿ ಕೇಳಿಸಿಕೊಂಡಳು. ಅವನ ತೋಳು ಬಿಟ್ಟಳು. ದಿವ್ಯಳ ಕಡೆ ಒಂದು ಸಲ ನೋಡಿ ಮತ್ತೆ ಹೋಗಿ ಕುರ್ಚಿಯಲ್ಲಿ ಕೂತಳು. ಬಾಗಿಲಲ್ಲಿದ್ದ ನರ್ಸು ನಗು ತಡೆದುಕೊಂಡಿದ್ದು ಅವನಿಗೆ ಬೆನ್ನಲ್ಲೇ ತಿಳಿಯಿತು. ದಿವ್ಯ ಮೆಲ್ಲಗೆ, ‘ಅರ್ಥ ಆಗ್ತಿಲ್ವಾ ಸಾರ್?’ ಎಂದಳು. ಪುಸ್ತಕದ ಬದನೆಕಾಯಿ ಎಂದು ಅವಳು ಅನ್ನಲಿಲ್ಲ, ಅಷ್ಟು ಒಳ್ಳೆಯ ಹುಡುಗಿ.

ಮನೆಗೆ ಹೊರಟುಬಿಡಬಹುದಿತ್ತು. ಕ್ಷಮಿಸಿ, ಇದು ಬೇರೆ ಪ್ರಾಂತ್ಯದ ಮಾತು ಎಂದರೆ ಯಾರು ಬೇಡವೆನ್ನುತ್ತಿದ್ದರು. ಆದರೆ ಆ ಹೆಂಗಸು ಕುರ್ಚಿಯಲ್ಲಿ ಕೂತ ರೀತಿಯಲ್ಲಿ, ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡ ರೀತಿಯಲ್ಲಿ ಏನೋ ಇತ್ತು. ಅಮ್ಮನ ತುಟಿಯೂ ಹಾಗೇ ಒಣಗಿತ್ತು. ಜಯನಗರದ ನರ್ಸಿಂಗ್ ಹೋಮಿನ ಆ ಕೋಣೆಗೆ ಕಿಟಕಿ ಇರಲಿಲ್ಲ. ಐದು ದಿನದಿಂದ ಮಾತಿಲ್ಲದೆ ಮಲಗಿದ್ದವಳು ಆ ಮಧ್ಯಾಹ್ನ ಕಣ್ಣು ಬಿಟ್ಟು ಅವನನ್ನು ಗುರುತಿಸಿ, ‘ತೆಳಿ’ ಎಂದಳು. ಒಂದೇ ಪದ. ಅವನು ಆ ಪದವನ್ನು ಅಮ್ಮನ ಬಾಯಲ್ಲಿ ಹಿಂದೆಂದೂ ಕೇಳಿರಲಿಲ್ಲ. ಮನೆಯಲ್ಲಿ ಎಲ್ಲರೂ ಗಂಜಿನೀರು ಎನ್ನುತ್ತಿದ್ದರು. ಅನ್ನ ಬಸಿದ ನೀರಿಗೆ ಅವಳ ತವರಿನ ಕಡೆಯ ಮಾತು ಅದು, ಅರವತ್ತು ವರ್ಷ ಎಲ್ಲೋ ಅಡಗಿದ್ದು ಆ ಗಳಿಗೆಯಲ್ಲಿ ಮೇಲೆ ಬಂದಿತ್ತು. ಅರ್ಥ ಅವನಿಗೆ ಆ ಕ್ಷಣವೇ ಹೊಳೆದಿತ್ತು. ಅರ್ಥವಾಗದೆ ಹೋಗಿದ್ದರೆ ಎಷ್ಟೋ ವಾಸಿಯಿತ್ತು. ಕಚೇರಿಯಲ್ಲಿ ಅವನನ್ನು ತಿದ್ದಿ ಬೆಳೆಸಿದ ಶಂಭುಲಿಂಗಪ್ಪನವರು ಮೊದಲ ದಿನವೇ ಹೇಳಿಕೊಟ್ಟಿದ್ದರು: ಕೇಳಿದ ಪದವನ್ನು ಕೇಳಿದಲ್ಲೇ ಬರೆಯಬೇಕು, ಮನೆಗೆ ಹೋಗಿ ಬರೆದರೆ ಅದು ನಿನ್ನ ಪದವಾಗುತ್ತದೆ, ಹೇಳಿದವರದಾಗುವುದಿಲ್ಲ. ಅದಕ್ಕೇ ಕಚೇರಿಯವರೆಲ್ಲರ ಕಿಸೆಯಲ್ಲೂ ಯಾವಾಗಲೂ ಚೀಟಿಯ ಕಟ್ಟು. ಮದುವೆಯ ಪಂಕ್ತಿಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಚೀಟಿ ತೆಗೆದವರು ಅವರು. ಅವನೂ ತೆಗೆದ. ತೆಳಿ. ನಾಮಪದ. ಅನ್ನ ಬಸಿದ ನೀರು. ಹೇಳಿದವರು ಸೀತಮ್ಮ, ಎಂಬತ್ತೊಂದು ವರ್ಷ. ಹೋಲಿಸಿ: ತಮಿಳು ತೆಳಿ, ತೆಲುಗು ತೆಲಿ. ಬರೆದದ್ದು ಸಾಲದೆಂದು ಕಾರಿಡಾರಿಗೆ ಹೋಗಿ ಗೆಳೆಯ ವೇಣುವಿಗೆ ಫೋನು ಮಾಡಿ, ಸಿಕ್ಕಿತು ಕಣಯ್ಯ ಎಂದು ಹತ್ತು ನಿಮಿಷ ಮಾತಾಡಿದ. ವಾಪಸು ಬಂದಾಗ ಅಮ್ಮ ಮತ್ತೆ ಕಣ್ಣು ಮುಚ್ಚಿದ್ದಳು. ಆಮೇಲೆ ಬಿಡಲಿಲ್ಲ. ಬಾಗಿಲಲ್ಲಿ ತಂಗಿ ಅಂಜನಾ ಕೈಚೀಲ ಹಿಡಿದುಕೊಂಡು ನಿಂತಿದ್ದಳು. ಅವಳು ಅಮ್ಮನ ಮುಖ ನೋಡಿದಳು, ಮೇಜಿನ ಮೇಲಿದ್ದ ತುಂಬಿದ ನೀರಿನ ಹೂಜಿ ನೋಡಿದಳು, ಅವನ ಕೈಯಲ್ಲಿದ್ದ ಚೀಟಿ ಓದಿದಳು. ‘ಬರ್ಕೊಂಡ್ಯಾ ಅಣ್ಣ?’ ಎಂದಳು. ಅಷ್ಟೇ. ಹದಿಮೂರನೆಯ ದಿನ ಮುಗಿಸಿ ಬನಶಂಕರಿಗೆ ಹೋದವಳು ಮೂರು ವರ್ಷವಾದರೂ ಈ ಕಡೆ ತಲೆ ಹಾಕಿರಲಿಲ್ಲ. ಹಬ್ಬಕ್ಕೆ ಅವಳ ಗಂಡನ ಫೋನಿನಿಂದ ಒಂದು ದೀಪದ ಚಿತ್ರ ಬರುತ್ತಿತ್ತು.

ಈಗಲೂ ಕೈ ಅದರ ಪಾಡಿಗೆ ಷರಟಿನ ಕಿಸೆಗೆ ಹೋಗಿತ್ತು. ಆ ‘ತ್ಘೆಸ್’ ಎಂಬುದನ್ನು ಬರೆದುಕೊಳ್ಳಲು! ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಇದಕ್ಕೇ. ಚೀಟಿ ಆಗಲೇ ಹೊರಗೆ ಬಂದಿತ್ತು, ಪೆನ್ನಿನ ಮುಚ್ಚಳ ತೆಗೆದಾಗಿತ್ತು, ಅರ್ಮೇನಿಯನ್ ಅಕ್ಷರದಲ್ಲೇ ಎರಡು ಅಕ್ಷರ ಬರೆದೂ ಆಗಿತ್ತು, ಬರೆದ ಮೇಲೆ ಹೊಳೆಯಿತು, ನನ್ನ ಹುಡುಗ ಎನ್ನುತ್ತಿದ್ದಳು. ನಾಚಿಕೆಯಿಂದ ತಲೆಯೆತ್ತಿದರೆ ಮುದುಕಿ ಆ ಚೀಟಿಯನ್ನೇ ನೋಡುತ್ತಿದ್ದಳು. ಎದ್ದು ಬಂದಳು. ಚೀಟಿ ಕಿತ್ತುಕೊಂಡು ದೂರ ಹಿಡಿದಳು, ಹತ್ತಿರ ಹಿಡಿದಳು, ತಲೆಯಾಡಿಸಿದಳು. ಆಮೇಲೆ ಕೇಳದೆ ಮಾಡದೆ ಅವನ ಮೂಗಿನ ಮೇಲಿದ್ದ ಓದುವ ಕನ್ನಡಕವನ್ನು ಕಿತ್ತು ತನ್ನ ಮೂಗಿಗೇರಿಸಿಕೊಂಡಳು. ಎರಡು ದಿನದಿಂದ ಇವರೆಲ್ಲ ಅವಳ ಮುಂದೆ ಫೋನು ಹಿಡಿದು, ಭಾಷಾಂತರ ಮಾಡಿದ ಸಾಲುಗಳನ್ನು ತೋರಿಸಿ, ನೋಡಲೂ ಒಲ್ಲೆ ಎನ್ನುತ್ತಾಳಲ್ಲ ಎಂದು ಬೇಸರಪಟ್ಟಿದ್ದರು. ಅವಳ ಕನ್ನಡಕ ಮಗನ ಚೀಲದಲ್ಲಿತ್ತು, ಚೀಲ ನಾಲ್ಕನೇ ಮಹಡಿಯಲ್ಲಿತ್ತು. ಯಾರಿಗೂ ಹೊಳೆದಿರಲಿಲ್ಲ.

ಕನ್ನಡಕವಿಲ್ಲದೆ ಅವನಿಗೆ ಚೀಟಿ ಬರೀ ಬಿಳಿ. ಕೈಸನ್ನೆ ಮಾಡಿ ವಾಪಸು ಪಡೆದ. ಮಂಚದ ಅಂಚಿನಲ್ಲಿ ಕೂತು ಬರೆದ: ನಿನ್ನ ಮಗನಿಗೆ ಕಾಯಿಲೆ. ಬದುಕಿದ್ದಾನೆ. ನಾಲ್ಕನೇ ಮಹಡಿ. ಬದುಕಿದ್ದಾನೆ ಎನ್ನಲು ಅವನು ಬಳಸಿದ್ದು ಕೆಂದಾನಿ ಎಂಬ ಪದ. ನಮ್ಮ ಜೀವವೂ ಅದೂ ಮೂಲದಲ್ಲಿ ಒಂದೇ ಎಂದು ಅವನ ಒಂದು ಚೀಟಿಯಲ್ಲಿತ್ತು, ಆದರೆ ಬರೆಯುವಾಗ ಅದು ನೆನಪಿಗೆ ಬರಲಿಲ್ಲ, ಬಂದದ್ದು ಸ್ವಲ್ಪ ಹೊತ್ತಿನ ಮೇಲೆ. ಕನ್ನಡಕ ತೆಗೆದು ಚೀಟಿಯ ಜೊತೆ ಕೊಟ್ಟ. ಅವಳು ಓದಿದಳು. ಬೆರಳಿಟ್ಟು ಎರಡನೇ ಸಲ ಓದಿದಳು. ಅವನ ಕೈಯಿಂದ ಪೆನ್ನು ತೆಗೆದುಕೊಂಡು ಅದೇ ಚೀಟಿಯ ಬೆನ್ನಿಗೆ ಬರೆದು ಕನ್ನಡಕ ದಾಟಿಸಿದಳು. ಅವಳ ಅಕ್ಷರ ದುಂಡಗೆ, ಶಾಲೆಯಲ್ಲಿ ಕಲಿತದ್ದು. ಸುಳ್ಳು, ಎಂದು ಬರೆದಿದ್ದಳು. ಅವನು ಇನ್ನೊಂದು ಚೀಟಿ ತೆಗೆದ. ಹೀಗೆ ಆ ಕನ್ನಡಕ ಅವನ ಮೂಗಿಗೂ ಅವಳ ಮೂಗಿಗೂ ಓಡಾಡತೊಡಗಿತು. ಒಬ್ಬರು ಓದುವಾಗ ಇನ್ನೊಬ್ಬರು ಕುರುಡು. ದಿವ್ಯ ಗೋಡೆಗೊರಗಿ ಬಾಯಿ ತೆರೆದು ನೋಡುತ್ತಿದ್ದಳು. ಕೊನೆಗೆ ಸಿರಾನುಷ್ ಒಂದು ಖಾಲಿ ಚೀಟಿಯ ಮೇಲೆ ಒಂದೇ ಸಾಲು ಬರೆದು, ಮಡಿಸಿ, ಕನ್ನಡಕದ ಜೊತೆ ಅವನ ಅಂಗೈಯಲ್ಲಿಟ್ಟು, ಮೇಲೆ ಎಂದು ಬೆರಳು ತೋರಿಸಿದಳು. ಫೋನಿನಲ್ಲಿ ಕಂಡ ಮುಖ ಬದುಕಿದೆ ಎಂದು ಅವಳು ನಂಬಿರಲಿಲ್ಲ. ಮಗನ ಅಕ್ಷರ ಬೇಕಾಗಿತ್ತು.

ನಾಲ್ಕನೇ ಮಹಡಿಯಲ್ಲಿ ಮೂಗಿಗೆ ಬಟ್ಟೆ ಕಟ್ಟಿ, ಕೈತೊಳೆಸಿ, ಐದು ನಿಮಿಷ ಎಂದು ಒಳಗೆ ಬಿಟ್ಟರು. ಗೆವೊರ್ಗ್ ಎಂಬ ಆ ಮಗನಿಗೆ ನಲವತ್ತರ ಮೇಲಾಗಿತ್ತು, ತಾಯಿಯದೇ ಮೂಗು, ತುಟಿಯೆಲ್ಲ ಬಿರಿದಿತ್ತು. ಮಾತಾಡುವ ತ್ರಾಣವಿರಲಿಲ್ಲ, ಕಣ್ಣು ಬಿಡುತ್ತಿದ್ದ, ಮುಚ್ಚುತ್ತಿದ್ದ. ತಿರುಮಲೇಶ ಚೀಟಿಯನ್ನು ಅವನ ಕಣ್ಣ ಮುಂದೆ ಹಿಡಿದ. ಹಿಡಿಯುವಾಗ ತಾನೂ ಓದಿದ, ಓದಬಾರದೆಂದುಕೊಂಡೇ ಓದಿದ. ಇದ್ದೀಯಾ ಎಂದು ಕೇಳಿದ್ದಳು. ಗೆವೊರ್ಗ್‌ನ ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆ ಇಳಿಯಿತು. ನರ್ಸು ಅವನ ಬೆರಳುಗಳ ಮಧ್ಯೆ ಪೆನ್ನು ಸಿಕ್ಕಿಸಿ ಮಣಿಕಟ್ಟು ಹಿಡಿದುಕೊಂಡಳು. ಎರಡು ಪದ ಬರೆಯಲು ಐದು ನಿಮಿಷವೂ ಹಿಡಿಯಿತು. ಮಾಮ್, ಕೆರ್. ಅಮ್ಮ, ತಿನ್ನು.

ಅದನ್ನು ಹಿಡಿದುಕೊಂಡು ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದ, ಈ ವಯಸ್ಸಿನಲ್ಲಿ ಎರಡೆರಡು ಮೆಟ್ಟಿಲು. ಸಿರಾನುಷ್ ಆ ಚೀಟಿಯನ್ನು ಓದಿದ್ದಕ್ಕಿಂತ ಹೆಚ್ಚಾಗಿ ಮುಟ್ಟಿದಳು, ಸೊಟ್ಟಗೆ ಇಳಿದುಹೋಗಿದ್ದ ಆ ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಎದೆಯ ಮೇಲೆ ಶಿಲುಬೆ ಗೀರಿಕೊಂಡು ತಾನಾಗಿ ಹೋಗಿ ಮಂಚದ ಮೇಲೆ ಕೂತಳು. ನರ್ಸು ಬಟ್ಟಲಲ್ಲಿ ಗಂಜಿ ತಂದಳು, ಬಿಸಿ, ನೀರಾಗಿ ಕಾಯಿಸಿದ್ದು. ಬೇರೆ ಕೋಣೆಯಿಂದ ಯಾರೋ ಕರೆದರೆಂದು ಬಟ್ಟಲನ್ನು ತಿರುಮಲೇಶನ ಕೈಗೆ ತುರುಕಿ, ‘ಸ್ವಲ್ಪ ಕುಡಿಸ್ತಾ ಇರಿ ಅಂಕಲ್, ಬಂದೆ’ ಎಂದು ಓಡಿದಳು. ಮೇಲೆ ತಿಳಿನೀರು ನಿಂತಿತ್ತು. ಚಮಚ ಅದ್ದಿದ. ಎತ್ತಿದ. ಆ ಚಮಚ ಅವಳ ಬಾಯಿಯವರೆಗೆ ಹೋಗಲಿಲ್ಲ. ಅವಳ ಒಣ ತುಟಿಯ ಹತ್ತಿರ ಅದು ಓರೆಯಾಗಿ, ಬಟ್ಟಲೂ ವಾಲಿ, ಗಂಜಿ ಅವಳ ಹೊದಿಕೆಯ ಮೇಲೆ, ಅವನ ಇಸ್ತ್ರಿ ಷರಟಿನ ಮೇಲೆ ಚೆಲ್ಲಿತು. ದಿವ್ಯ ಬಂದು ಬಟ್ಟಲು ತೆಗೆದುಕೊಂಡು, ಪರವಾಗಿಲ್ಲ ಸಾರ್ ಪರವಾಗಿಲ್ಲ ಎನ್ನುತ್ತಾ ತಾನೇ ಕುಡಿಸಿದಳು. ಒಂದು ಚಮಚ ನೀರು ಕುಡಿಸಲು ಬಾರದ ಗಂಡಸು ಗೋಡೆಯ ಪಕ್ಕದಲ್ಲಿ ಒದ್ದೆ ಷರಟಿನಲ್ಲಿ ನಿಂತ.

ಸಿರಾನುಷ್ ಕುಡಿಯುತ್ತಲೇ ಅವನನ್ನು ನೋಡುತ್ತಿದ್ದಳು. ಬಟ್ಟಲು ಖಾಲಿಯಾದ ಮೇಲೆ, ಮಾತ್ರೆ ನುಂಗಿದ ಮೇಲೆ, ದಿವ್ಯ ತಟ್ಟೆ ಕೊಡಲು ಹೊರಗೆ ಹೋದ ಮೇಲೆ, ಪೆನ್ನು ತೆಗೆದುಕೊಂಡು ಬರೆದಳು. ಕನ್ನಡಕದ ಜೊತೆ ಕೈ ಚಾಚಿದಳು. ಏನಾಯಿತು, ಎಂದು ಕೇಳಿದ್ದಳು. ಈ ಭಾಷೆಯಲ್ಲಿ ಮೊದಲ ಬಾರಿಗೆ ಯಾರೋ ಅವನನ್ನು ಅವನ ಬಗ್ಗೆ ಕೇಳಿದ್ದರು. ಓದಿ, ಕನ್ನಡಕ ತೆಗೆದು ಅವಳಿಗೇ ಕೊಟ್ಟುಬಿಟ್ಟ. ಆಮೇಲೆ ಹೊಳೆಯಿತು, ಇನ್ನು ಬರೆಯುವುದು ಹೇಗೆ. ಕಾಣದಿದ್ದರೂ ಬರೆದ, ಅ ಆ ಕಲಿಯುವ ಮಕ್ಕಳ ಹಾಗೆ ದಪ್ಪದಪ್ಪ ಅಕ್ಷರದಲ್ಲಿ: ನನ್ನ ತಾಯಿ ನೀರು ಕೇಳಿದಳು. ನಾನು ಆ ಪದ ಬರೆದುಕೊಂಡೆ. ನೀರು ಕೊಡಲಿಲ್ಲ. ಜೀವಮಾನವೆಲ್ಲ ಕರಡು ತಿದ್ದಿದವನು ಅದನ್ನು ತಿದ್ದಲೂ ಆಗದೆ, ವಿಭಕ್ತಿ ಸರಿಯಿದೆಯೋ ಇಲ್ಲವೋ ನೋಡಲೂ ಆಗದೆ ಕೊಟ್ಟ. ಕನ್ನಡದಲ್ಲಿ ಆ ಮೂರು ವಾಕ್ಯ ಅವನಿಂದ ಹೊರಡುತ್ತಿರಲಿಲ್ಲ. ಮೂರು ವರ್ಷದಲ್ಲಿ ತನಗೇ ಹೇಳಿಕೊಂಡಿರಲಿಲ್ಲ.

ಅವಳು ಓದುವಷ್ಟು ಹೊತ್ತೂ ಅವನಿಗೆ ಅವಳ ಮುಖ ಮಸುಕುಮಸುಕಾಗಿಯೇ ಇತ್ತು. ಬೈದರೆ ಬೈಯಲಿ ಎಂದುಕೊಂಡ. ದೊಡ್ಡದೊಂದು ಕೈ ಬಂದು ಅವನ ಕೆನ್ನೆಯ ಮೇಲೆ ಕೂತಿತು. ‘ತ್ಸವ್ತ್ ತಾನೆಮ್’ ಎಂದಳು. ಬರಹವಿಲ್ಲದೆ, ಕನ್ನಡಕವಿಲ್ಲದೆ, ಕಿವಿಗೆ ಬಿದ್ದ ಕೂಡಲೇ ಅವನಿಗೆ ಅರ್ಥವಾದ ಮೊದಲ ಅರ್ಮೇನಿಯನ್ ಮಾತು ಅದು. ನಿನ್ನ ನೋವನ್ನು ನಾನು ಒಯ್ಯುತ್ತೇನೆ. ಮಕ್ಕಳಿಗೆ, ನೆಂಟರಿಗೆ, ಅಂಗಡಿಗೆ ಬಂದವರಿಗೂ ಅಲ್ಲಿನ ಹೆಂಗಸರು ಹೇಳುವ ಮಾತು ಎಂದು ತನ್ನ ಲೇಖನದಲ್ಲೇ ಬರೆದಿದ್ದ, ಅಡಿಯಲ್ಲಿ ಬೇರು ಖಚಿತವಿಲ್ಲ ಎಂದೂ ಸೇರಿಸಿದ್ದ. ಸೊಣ್ಣಮ್ಮ ಬೆಳಿಗ್ಗೆ ಗಾಳಿಯಲ್ಲಿ ಮುಖ ನೀವಿ ನೆಟಿಗೆ ಮುರಿದದ್ದು ಆಗ ನೆನಪಾಯಿತು, ಅವಳಿಗೆ ಏನೂ ಹೇಳದೆ ಚಪ್ಪಲಿ ಮೆಟ್ಟಿ ಬಂದದ್ದೂ. ಸಿರಾನುಷ್ ಕನ್ನಡಕವನ್ನು ಅವನ ಮೂಗಿಗೆ ತಾನೇ ಏರಿಸಿದಳು. ಚೀಟಿಯನ್ನು ಮಾತ್ರ ಕೊಡಲಿಲ್ಲ. ಮಗನ ಚೀಟಿಯ ಜೊತೆ ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಳು.

ಹೊರಗೆ ಬಂದಾಗ ನಾಲ್ಕು ಗಂಟೆಯ ಬಿಸಿಲು. ನಾಳೆ ಆಪರೇಷನ್ ಮುಗಿದ ಮೇಲೆ ತಿಳಿಸುತ್ತೇನೆಂದು ದಿವ್ಯ ಹೇಳಿದ್ದಳು. ಬದುಕುತ್ತಾಳೆಯೇ ಎಂದು ಕೇಳಲು ಅವನಿಗೆ ಧೈರ್ಯ ಬಂದಿರಲಿಲ್ಲ. ಮೆಟ್ರೋ ಕಂಬಗಳ ನೆರಳಿನಲ್ಲಿ, ಎಳನೀರಿನವನ ಗಾಡಿಯ ಪಕ್ಕ ನಿಂತ. ಷರಟಿನ ಮೇಲೆ ಗಂಜಿ ಒಣಗಿ ಬಿರುಸಾಗಿತ್ತು. ಸುತ್ತ ಎಲ್ಲರೂ ಯಾರೊಂದಿಗೋ ಮಾತಾಡುತ್ತಾ ಹೋಗುತ್ತಿದ್ದರು, ಎಲ್ಲ ಕನ್ನಡ, ತಮಿಳು, ಹಿಂದಿ, ಎಲ್ಲವೂ ಅವನಿಗೆ ಬರುವ ಭಾಷೆಗಳೇ. ಫೋನಿನಲ್ಲಿ ಅಂಜನಾಳ ಹೆಸರು ಎಷ್ಟು ಕೆಳಗೆ ಹೋಗಿತ್ತೆಂದರೆ ಹುಡುಕಬೇಕಾಯಿತು. ಐದನೇ ಸಲ ರಿಂಗಾದಾಗ ಎತ್ತಿದಳು. ಅಣ್ಣ ಎನ್ನಲಿಲ್ಲ, ಹೇಳು ಎಂದಳು. ಹಿಂದೆ ಕುಕ್ಕರು ಕೂಗುತ್ತಿತ್ತು.

‘ಅಮ್ಮ ತೆಳಿ ಕೇಳಿದ್ಲು ಅಂಜು’ ಎಂದ. ‘ನನಗೆ ಅರ್ಥ ಆಗಿತ್ತು. ನಾನು ಕೊಡ್ಲಿಲ್ಲ.’

ಕುಕ್ಕರು ಇನ್ನೊಂದು ಸಲ ಕೂಗಿತು. ಅವಳು ಒಲೆ ಆರಿಸಿದ ಸದ್ದಾಯಿತು. ಫೋನು ಇಟ್ಟುಬಿಟ್ಟಳೇ ಎಂದು ಕಿವಿಯಿಂದ ತೆಗೆದು ನೋಡಿದ, ಇಟ್ಟಿರಲಿಲ್ಲ.

‘ಬೆಳಿಗ್ಗೆ ನನ್ನನ್ನ ಕೇಳಿದ್ಲು’ ಎಂದಳು ಅಂಜನಾ. ಅವನು ಬರುವ ಮೊದಲು, ಒಂದೇ ಒಂದು ಸಲ ಕಣ್ಣು ಬಿಟ್ಟು. ಮಾಡಿಕೊಂಡು ಬರುತ್ತೇನೆಂದು ಹೇಳಿ ಅವಳು ಮನೆಗೆ ಓಡಿದ್ದಳು, ಅಕ್ಕಿ ಬೇಯಿಸಿ, ಬಸಿದು, ಉಪ್ಪು ಹಾಕಿ, ಫ್ಲಾಸ್ಕಿಗೆ ತುಂಬಿಕೊಂಡು ಹೊರಟರೆ ಬನಶಂಕರಿ ದೇವಸ್ಥಾನದ ಸಿಗ್ನಲ್ಲಿನಲ್ಲಿ ಆಟೋ ಅರ್ಧ ಗಂಟೆ ಅಲುಗಾಡಲಿಲ್ಲ. ಅಮ್ಮ ಅವನನ್ನು ಕೇಳಿದ್ದು ಹೊಸದಾಗಿ ಏನೂ ಅಲ್ಲ. ಅಂಜು ತರುತ್ತೇನೆಂದಳಲ್ಲ, ಬಂತಾ ಎಂದು ಆ ಒಂದೇ ಪದದಲ್ಲಿ ಕೇಳಿದ್ದಳು. ಆ ಕೈಚೀಲದಲ್ಲಿ ಅದೇ ಇತ್ತು. ಇದನ್ನೆಲ್ಲ ಅಂಜನಾ ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದಳು. ‘ಅವತ್ತು ನೀನು ಡಾಕ್ಟರನ್ನ ಕರಿಯೋಕೆ ಹೋದ್ಯಲ್ಲ, ಆಗ ನಾನು ಮೆಟ್ಟಿಲ ಮೇಲೆ ಕೂತ್ಕೊಂಡು ಅದನ್ನ ಕುಡಿದುಬಿಟ್ಟೆ’ ಎಂದಳು. ‘ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ. ಹಸಿವಾಗಿತ್ತು ಅಣ್ಣ. ಯಾರಿಗೂ ಹೇಳಿಲ್ಲ.’

ಎಳನೀರಿನವನು ಮಚ್ಚು ಕೆಳಗಿಟ್ಟು, ಸಾರ್ ಬೇಕಾ ಎಂದು ಕೈಯಲ್ಲೇ ಕೇಳಿದ. ತಿರುಮಲೇಶ ಬೇಡವೆಂದು ತಲೆಯಾಡಿಸಿದ. ಆ ಕಡೆ ತಂಗಿ ಉಸಿರಾಡುವುದು ಕೇಳಿಸುತ್ತಿತ್ತು.

‘ಬಿಸಿ ಇತ್ತಾ?’ ಎಂದು ಕೇಳಿದ.

‘ಇತ್ತು’ ಎಂದಳು. ‘ಉಪ್ಪು ಒಂಚೂರು ಜಾಸ್ತಿ ಆಗಿತ್ತು.’